ಬಿತ್ತುವ ಮೊದಲಿನ ಚಿತ್ರ

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಫ್ರಾಂಕ್ ಯೇಟ್ಸ್ 1935ರ ತಮ್ಮ ಪ್ರಬಂಧದಲ್ಲಿ ಓಟ್ಸ್ ಬೆಳೆಯ ಒಂದು ಪ್ರಯೋಗವನ್ನು ಕೊಟ್ಟಿದ್ದಾರೆ. ಗೋಲ್ಡನ್ ರೇನ್, ಮಾರ್ವೆಲಸ್, ವಿಕ್ಟರಿ ಎಂಬ ಮೂರು ತಳಿ. ಸಾರಜನಕದ ಗೊಬ್ಬರ ನಾಲ್ಕು ಪ್ರಮಾಣದಲ್ಲಿ, ಸೊನ್ನೆಯಿಂದ ಮೇಲಕ್ಕೆ. ಹೊಲದಲ್ಲಿ ಆರು ಬ್ಲಾಕು, ಬ್ಲಾಕಿಗೆ ಮೂರು ದೊಡ್ಡ ತಾಕು, ದೊಡ್ಡ ತಾಕಿಗೆ ನಾಲ್ಕು ಸಣ್ಣ ತಾಕು, ಒಟ್ಟು 72. ಸಂಖ್ಯಾಶಾಸ್ತ್ರ ಓದಿದ ಬಹಳಷ್ಟು ಜನ ಇದನ್ನು ಸ್ಪ್ಲಿಟ್ ಪ್ಲಾಟ್ ಪಾಠದ ಉದಾಹರಣೆಯಾಗಿ, 72 ಸಾಲಿನ ಪಟ್ಟಿಯಾಗಿ ಬಲ್ಲರು. ಆ ಪಟ್ಟಿ ಚಿತ್ರವಾದಾಗ ಸಿಗುವ ಸುಖ ಬೇರೆಯೇ.

ಆರ್ ಭಾಷೆಯಲ್ಲಿ ಡೆಸ್‌ಪ್ಲಾಟ್ ಎಂಬ ಪುಟ್ಟ ತಂತ್ರಾಂಶವಿದೆ, ಕೆವಿನ್ ರೈಟ್ ಬರೆದದ್ದು. ತಾಕಿನ ಸಾಲು ಯಾವುದು, ಕಾಲಂ ಯಾವುದು ಎಂದು ತಿಳಿಸಿದರೆ ಸಾಕು, ಹೊಲ ತೆರೆಯ ಮೇಲೆ ಹರಡಿಕೊಳ್ಳುತ್ತದೆ. ಬ್ಲಾಕಿನ ಸುತ್ತ ದಪ್ಪ ಗೆರೆ, ದೊಡ್ಡ ತಾಕಿನ ಸುತ್ತ ತೆಳು ಗೆರೆ ಹಾಕಿಸಿ. ತಳಿಗೊಂದು ಬಣ್ಣ ಕೊಡಿ, ಗೊಬ್ಬರದ ಪ್ರಮಾಣವನ್ನು ತಾಕಿನೊಳಗೆ ಬರೆಸಿ. ಇಳುವರಿಯ ಅಂಕಿ ಇನ್ನೂ ಬೇಡ. ಸುಮ್ಮನೆ ನೋಡುತ್ತ ಕೂತರೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ: ಬಣ್ಣ ನಾಲ್ಕು ತಾಕುಗಳ ಗುಂಪಾಗಿ ನಿಲ್ಲುತ್ತದೆ, ಗೊಬ್ಬರ ತಾಕಿನಿಂದ ತಾಕಿಗೆ ಬದಲಾಗುತ್ತದೆ. ಪ್ರತಿ ಬ್ಲಾಕಿನಲ್ಲೂ ಮೂರು ಬಣ್ಣಗಳೂ ಇವೆ, ಯಾವುದು ಎಲ್ಲಿ ಎಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಿದ್ದಾರೆ. 1919ರಲ್ಲಿ ರೋಥಮ್‌ಸ್ಟೆಡ್ ಸೇರಿದ ರೊನಾಲ್ಡ್ ಫಿಶರ್ ಕಲಿಸಿದ ಪಾಠವಿದು. ಗೊತ್ತಿರುವ ಏರುಪೇರನ್ನು ಬ್ಲಾಕಿನ ಗೆರೆಯೊಳಗೆ ಕಟ್ಟಿಹಾಕಬೇಕು, ಗೊತ್ತಿಲ್ಲದ್ದನ್ನು ಚೀಟಿಗೆ ಬಿಡಬೇಕು.

ಈಗ ಬಣ್ಣವನ್ನು ಇಳುವರಿಗೆ ಕೊಡಿ. ಒಂದನೆಯ ಬ್ಲಾಕು ಎದ್ದು ಕಾಣುತ್ತದೆ. ತಾಕೊಂದರ ಸರಾಸರಿ, ಕಾಲು ಪೌಂಡಿನ ಲೆಕ್ಕದಲ್ಲಿ, ಅಲ್ಲಿ 135. ಉಳಿದ ಯಾವ ಬ್ಲಾಕೂ 108 ಮುಟ್ಟಿಲ್ಲ. ಒಂದೇ ತಳಿಯನ್ನು ಆ ನೆಲದಲ್ಲಿ ಬಿತ್ತಿದ್ದರೆ ನೆಲದ ಕೀರ್ತಿಯೆಲ್ಲ ಅದರ ಪಾಲಾಗುತ್ತಿತ್ತು. ಮೂರಕ್ಕೂ ಅಲ್ಲಿ ಸಮಪಾಲು ಸಿಕ್ಕಿದ್ದರಿಂದ ಯಾವುದಕ್ಕೂ ಅನ್ಯಾಯವಾಗಲಿಲ್ಲ. ಬಿತ್ತುವ ಮೊದಲೇ ಎಳೆದ ದಪ್ಪ ಗೆರೆಯ ಋಣ ಅದು.

ಹೊಲದ ನಕ್ಷೆಗೂ ಸಿಗದ ಸೊಗಸು ಹಾಸೆ ಚಿತ್ರದಲ್ಲಿದೆ. ಜರ್ಮನ್ ಗಣಿತಜ್ಞ ಹೆಲ್ಮುಟ್ ಹಾಸೆಯ ಹೆಸರು ಹೊತ್ತ ಈ ರೇಖಾಚಿತ್ರವನ್ನು ಪ್ರಯೋಗ ವಿನ್ಯಾಸಕ್ಕೆ ಚೆನ್ನಾಗಿ ಒಗ್ಗಿಸಿದವರಲ್ಲಿ ರೋಸ್ಮರಿ ಬೇಲಿ ಮುಖ್ಯರು. ಇದನ್ನು ಬರೆದುಕೊಡುವ ತಂತ್ರಾಂಶಗಳೂ ಈಗ ಇವೆ. ಮೇಲೆ ಒಂದು ಚುಕ್ಕೆ, ಅದು ಇಡೀ ಹೊಲ. ಕೆಳಗೆ ಬ್ಲಾಕು, ಅದರ ಕೆಳಗೆ ದೊಡ್ಡ ತಾಕು, ತಳದಲ್ಲಿ ಸಣ್ಣ ತಾಕು. ಪಕ್ಕದಲ್ಲಿ ಎಣಿಕೆ: 1, 6, 18, 72. ಪ್ರತಿ ಮೆಟ್ಟಿಲಲ್ಲೂ ಮೇಲಿನವನ್ನು ಕಳೆದರೆ ಉಳಿಯುವ ಡಿಗ್ರೀಸ್ ಆಫ್ ಫ್ರೀಡಂ 1, 5, 12, 54. ಕೂಡಿಸಿದರೆ ಮತ್ತೆ 72. ತಳಿಗಳು ದೊಡ್ಡ ತಾಕಿನ 12ರಲ್ಲಿ 2 ತೆಗೆದುಕೊಂಡು ದೋಷದ ಅಂದಾಜಿಗೆ 10 ಬಿಡುತ್ತವೆ. ಗೊಬ್ಬರ 3, ತಳಿ-ಗೊಬ್ಬರದ ಕೂಡಾಟ 6 ತೆಗೆದುಕೊಂಡ ಮೇಲೂ ಸಣ್ಣ ತಾಕಿನ 54ರಲ್ಲಿ 45 ಉಳಿಯುತ್ತದೆ. ಗೊಬ್ಬರದ ಪ್ರಶ್ನೆಗೆ ಗಟ್ಟಿ ಉತ್ತರ, ತಳಿಯ ಪ್ರಶ್ನೆಗೆ ಸಡಿಲ ಉತ್ತರ ಎಂಬುದು ಕಾಳು ಮೊಳೆಯುವ ಮೊದಲೇ ಕಾಗದದ ಮೇಲಿದೆ. ಆದದ್ದೂ ಹಾಗೆಯೇ: ಗೊಬ್ಬರ ಏರಿದಂತೆ ಸರಾಸರಿ 79, 99, 114, 123 ಎಂದು ಏರಿತು; ತಳಿಗಳ ನಡುವಿನ ವ್ಯತ್ಯಾಸ ಮಾತ್ರ ಖಚಿತವಾಗಲಿಲ್ಲ.

ಎಮಿ ತನಾಕಾ ರೂಪಿಸಿದ ಎಡಿಬ್ಲ್ ಎಂಬ ತಂತ್ರಾಂಶ ಇನ್ನೊಂದು ಹೆಜ್ಜೆ ಮುಂದಿದೆ. ಅದರಲ್ಲಿ ಮೊದಲು ತಾಕುಗಳನ್ನು ಹೆಸರಿಸಬೇಕು, ಆಮೇಲೆ ಉಪಚಾರಗಳನ್ನು (ಇಲ್ಲಿ ತಳಿ, ಗೊಬ್ಬರ), ಆಮೇಲೆ ಯಾವ ಉಪಚಾರ ಯಾವ ತಾಕಿನ ಮೇಲೆ ಎಂಬುದನ್ನು. ಚೀಟಿ ಎತ್ತುವುದು ಕೊನೆಗೆ. ಈ ನಂಟುಗಳನ್ನೆಲ್ಲ ಅದು ಬಾಣಗಳಲ್ಲಿ ಬರೆದು ತೋರಿಸುತ್ತದೆ. ತಳಿಯಿಂದ ಹೊರಟ ಬಾಣವನ್ನು ದೊಡ್ಡ ತಾಕಿನಿಂದ ಸಣ್ಣ ತಾಕಿಗೆ ತಿರುಗಿಸಿದರೆ ಅವೇ 72 ತಾಕುಗಳಲ್ಲಿ ಬೇರೆಯೇ ಪ್ರಯೋಗ ನಿಲ್ಲುತ್ತದೆ. ಒಂದು ಬಾಣಕ್ಕೆ ಅಷ್ಟು ಬೆಲೆ!

ಇಂಥ ಚಿತ್ರಗಳ ಮಾತು ಬಂದಾಗ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನು ನೆನೆಯದಿರಲಾಗದು. ಅವರು ರೂಪಿಸಿದ ಆರ್ಥೋಗನಲ್ ಅರೇಗಳಲ್ಲಿ ಒಂಬತ್ತು ಸಾಲು, ನಾಲ್ಕು ಕಾಲಮಿನ ಒಂದಿದೆ. ಸಾಲೆಂದರೆ ಒಂದು ಪ್ರಯೋಗ, ಕಾಲಮೆಂದರೆ ಪರೀಕ್ಷಿಸುವ ಒಂದು ಅಂಶ; ಕಾಲಮಿನಲ್ಲಿ ಮೂರೇ ಅಂಕೆಗಳು. ಬೇಕಾದ ಎರಡು ಕಾಲಮನ್ನು ಆರಿಸಿ ಚುಕ್ಕೆ ಇಟ್ಟರೆ ಮೂರು ಅಡ್ಡ, ಮೂರು ಉದ್ದದ ಚೌಕ ಒಂದು ಮನೆಯೂ ಖಾಲಿ ಉಳಿಯದಂತೆ ತುಂಬುತ್ತದೆ. ಯಾವ ಎರಡನ್ನು ಆರಿಸಿದರೂ ಹಾಗೆಯೇ. 81 ಪ್ರಯೋಗ ಬೇಡುವ ಕಡೆ ಒಂಬತ್ತರಲ್ಲಿ ಇಂಥ ಸಮತೋಲ ಕಾಣುವುದೇ ಒಂದು ರಸಾನುಭವ.

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧ ಬರೆಯುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಈ ತಂತ್ರಾಂಶಗಳಿಗೆ ಕಾಸು ಕೊಡಬೇಕಿಲ್ಲ. ಬಿತ್ತನೆಗೆ ಮುನ್ನ ನಿಮ್ಮ ಪ್ರಯೋಗದ ಚಿತ್ರ ಬರೆಸಿ ನೋಡಿ, ಪ್ರಬಂಧದಲ್ಲಿ ಫಲಿತಾಂಶದ ಕೋಷ್ಟಕಕ್ಕಿಂತ ಮೊದಲಿನ ಪುಟದಲ್ಲಿ ಅದನ್ನು ಅಚ್ಚು ಹಾಕಿಸಿ.