ಪಂಪಿನ ಸ್ಕ್ರೂ, ಬ್ರೇಕಿನ ಪೆಡಲು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರು ಮೊದಲು ಕೈಹಿಡಿಯುವ ಗೇರು ಟ್ರ್ಯಾಕ್ಟರಿನದು. ಕಾರಿಗೆ ಟರ್ಬೊ ಕೂಡಿಸಿ, ಸೈಲೆನ್ಸರ್ ಬದಲಿಸಿ ಓಡಿಸುವ ಹವ್ಯಾಸ ಪುಣೆ, ಬೆಂಗಳೂರಿನವರದು. ಇಲ್ಲಿ ಅದೇ ಹುಮ್ಮಸ್ಸು, ಅದೇ ಜಾಣ್ಮೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಸುರಿಯುತ್ತದೆ. ಕಾರ್ಖಾನೆಗಳ ಹಂಗಾಮು ಹತ್ತಿರ ಬಂತೆಂದರೆ ಗ್ಯಾರೇಜಿನವರಿಗೆ ಪುರುಸೊತ್ತಿಲ್ಲ. ಪಂಪ್ ಸೆಟ್ಟಿಂಗ್, ಟರ್ಬೊ, ದೊಡ್ಡ ಟೈರು, ಮುಂದಿನ ಬಂಪರಿಗೆ ತೂಕ, ಹಿಂದಿನ ಹುಕ್ಕಿನ ಎತ್ತರ, ಹೀಗೆ ಕೆಲಸ ನಡೆದೇ ಇರುತ್ತದೆ. ಇದನ್ನೆಲ್ಲ ಪುಂಡಾಟವೆಂದು ತಳ್ಳಿಹಾಕುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಇದೊಂದು ಕಸುಬು. ಆದರೆ ಕಸುಬಿನಲ್ಲೂ ಗಟ್ಟಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಯಾರಾದರೂ ಹೇಳಬೇಕು.

ಮೊದಲು ಗಟ್ಟಿ ಕಾಳು. ಕಬ್ಬಿನ ಹೊಲದಲ್ಲಿ, ಅದರಲ್ಲೂ ಕೃಷ್ಣಾ, ದೂಧಗಂಗಾ ದಂಡೆಯ ಎರೆ ಭೂಮಿಯಲ್ಲಿ, ಟ್ರ್ಯಾಕ್ಟರ್ ಸೋಲುವುದು ಎಂಜಿನ್ ಸಾಲದೆ ಅಲ್ಲ, ಗಾಲಿಗೆ ಹಿಡಿತ ಸಿಗದೆ. ಲೆಕ್ಕ ಹಾಕಿ ನೋಡಿ. 55 ಎಚ್‌ಪಿ ಎಂಜಿನ್ ಲೋ ಗೇರಿನಲ್ಲಿ, ಗಂಟೆಗೆ 3 ಕಿ.ಮೀ. ವೇಗದಲ್ಲಿ, ಗೇರ್‌ಬಾಕ್ಸಿನಲ್ಲಿ ಸೋರಿಹೋಗುವುದನ್ನು ಕಳೆದರೂ ನಾಲ್ಕು ಟನ್ನಿನಷ್ಟು ಜಗ್ಗುವ ಬಲ ಕೊಡಬಲ್ಲದು. ಆದರೆ ಆ ಟ್ರ್ಯಾಕ್ಟರಿನ ಸ್ವಂತ ತೂಕವೇ ಎರಡು ಟನ್ ಚಿಲ್ಲರೆ. ರಾಡಿಯಲ್ಲಿ ಹಿಂದಿನ ಗಾಲಿಗಳು ಒಂದು ಟನ್ನಿನ ಬಲವನ್ನೂ ನೆಲಕ್ಕೆ ದಾಟಿಸಲಾರವು. ಉಳಿದದ್ದೆಲ್ಲ ಗಾಲಿ ತಿರುಗಿ ತಿರುಗಿ ಗುಂಡಿ ತೋಡುವುದರಲ್ಲಿ ಮುಗಿಯುತ್ತದೆ. ಹಾಗಾಗಿ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವ ಕೆಲಸ ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಒಳ್ಳೆಯದು. ವಾಲ್ವನ್ನು ಮೇಲಕ್ಕೆ ತಂದು, ಆ ಮಟ್ಟಕ್ಕೆ ಬರುವವರೆಗೆ ನೀರು ಬಿಟ್ಟು, ಮೇಲೆ ಗಾಳಿ ಹೊಡೆದರೆ ದೊಡ್ಡ ಟೈರೊಂದಕ್ಕೆ ಸುಮಾರು 200 ಲೀಟರ್, ಅಂದರೆ 200 ಕಿಲೋ, ನೇರವಾಗಿ ಗಾಲಿಯ ಮೇಲೆಯೇ ಕೂರುತ್ತದೆ. ಮುಂದಿನ ಬಂಪರಿಗೆ ಕಬ್ಬಿಣದ ತೂಕ ಹಾಕಿದರೆ ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ. ಈ ಎರಡು ಕೆಲಸವನ್ನು ಸರಿಯಾಗಿ ಮಾಡುವ ಮಿಸ್ತ್ರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ದೊಡ್ಡ ಟೈರಿನ ವಿಷಯದಲ್ಲಿ ಅಷ್ಟು ಧೈರ್ಯದಿಂದ ಹೇಳಲಾರೆ. 14.9 ತೆಗೆದು ಅದೇ ರಿಮ್ಮಿನ ಅಳತೆಗೆ 16.9 ಹಾಕಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ, ಹಿಡಿತವೂ ಹೆಚ್ಚುತ್ತದೆ. ಆದರೆ ಗಾಲಿ ಸುಮಾರು ಶೇ. 5ರಷ್ಟು ಎತ್ತರವಾಗುವುದರಿಂದ ಪ್ರತಿ ಗೇರಿನಲ್ಲೂ ವೇಗ ಅಷ್ಟು ಏರಿ, ಜಗ್ಗುವ ಬಲ ಅಷ್ಟೇ ಇಳಿಯುತ್ತದೆ. ರಾಡಿಯಲ್ಲಿ ಗೆದ್ದದ್ದನ್ನು ಏರಿನಲ್ಲಿ ಕಳೆದುಕೊಳ್ಳುತ್ತೇವೆ. ಇದನ್ನು ಮೊದಲೇ ತಿಳಿಸಿ ಟೈರು ಹಾಕುವವರು ಕಡಿಮೆ.

ಇನ್ನು ಪಂಪು. ಹಳೆಯ ಟ್ರ್ಯಾಕ್ಟರುಗಳ ಡೀಸೆಲ್ ಪಂಪನ್ನು ಯಾವ ಕಂಪನಿಯದಾದರೂ ‘ಮೈಕೋ’ ಎಂದೇ ಕರೆಯುವ ರೂಢಿ ನಮ್ಮಲ್ಲಿದೆ. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದ ಪಂಪು ಮಾಡುತ್ತ ಬಂದ ಆ ಕಂಪನಿ 2008ರಲ್ಲಿ ಬಾಷ್ ಆಯಿತು, ಹೆಸರು ಮಾತ್ರ ಗ್ಯಾರೇಜಿನಲ್ಲಿ ಉಳಿಯಿತು. ಒಂದು ಸುತ್ತಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುವ ಸ್ಕ್ರೂಗೆ ಕಂಪನಿ ತಂತಿ ಕಟ್ಟಿ ಸೀಸದ ಸೀಲು ಒತ್ತಿರುತ್ತದೆ. ಮಿಸ್ತ್ರಿ ಆ ಸೀಲು ಕತ್ತರಿಸಿ, ಲಾಕ್ ನಟ್ಟು ಸಡಿಲಿಸಿ, ಸ್ಕ್ರೂ ಚೂರು ತಿರುಗಿಸಿ, ರೇಸು ಕೊಟ್ಟು ಹೊಗೆಯ ಬಣ್ಣ ನೋಡುತ್ತಾನೆ. ಆ ಕಣ್ಣು, ಆ ಕಿವಿ ಯಾವ ಕಾಲೇಜಿನಲ್ಲೂ ಸಿಗುವಂಥದ್ದಲ್ಲ. ಆದರೆ ಫಲಿತಾಂಶ? ಡೀಸೆಲ್ ಹೆಚ್ಚಿತು, ಗಾಳಿ ಹೆಚ್ಚಲಿಲ್ಲ. ಜನ ಶಕ್ತಿಯೆಂದು ತಿಳಿದು ಶಿಳ್ಳೆ ಹೊಡೆಯುವ ಆ ಕರಿ ಹೊಗೆ ಅರೆಬೆಂದ ಡೀಸೆಲ್. ಅದು ರೈತನ ದುಡ್ಡು. ಶಾಖ ಏರಿ ಮೊದಲು ಹೆಡ್ ಗ್ಯಾಸ್ಕೆಟ್, ಆಮೇಲೆ ಪಿಸ್ಟನ್ ಹೋಗುತ್ತವೆ.

ಗಾಳಿ ಸಾಲದಿದ್ದರೆ ಟರ್ಬೊ ಕೂಡಿಸೋಣ ಎನ್ನುವುದು ಮುಂದಿನ ಹೆಜ್ಜೆ. ಯೋಚನೆ ಸರಿಯಾದದ್ದೇ. ಆದರೆ ಕಂಪನಿಯಿಂದಲೇ ಟರ್ಬೊ ಸಮೇತ ಬರುವ ಎಂಜಿನ್ನಿನ ಒಳಗೆ ಕಂಪ್ರೆಷನ್ ಅನುಪಾತ, ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮುವ ನಳಿಗೆ, ಹೆಡ್ ಬೋಲ್ಟು, ರೇಡಿಯೇಟರ್ ಎಲ್ಲವೂ ಆ ಒತ್ತಡಕ್ಕೆಂದೇ ರೂಪುಗೊಂಡಿರುತ್ತವೆ. ಹೊರಗಿನಿಂದ ತಂದು ಕೂಡಿಸಿದಾಗ ಟರ್ಬೊ ಒಂದೇ ಬರುತ್ತದೆ, ಉಳಿದದ್ದು ಬರುವುದಿಲ್ಲ. ಕಾರ್ಖಾನೆಯ ಯಾರ್ಡಿಗೆ ಬಂದ ಕೂಡಲೇ ಚಾಲಕ ಎಂಜಿನ್ ಬಂದ್ ಮಾಡಿ ಕಾಟಾ ಚೀಟಿಗೆ ಓಡುತ್ತಾನೆ. ಇನ್ನೂ ಸುಡುತ್ತಿರುವ ಟರ್ಬೊಗೆ ಆಯಿಲ್ ನಿಂತು ಬೇರಿಂಗ್ ಸವೆಯುತ್ತದೆ. ಒಂದೆರಡು ನಿಮಿಷ ಸ್ಲೋನಲ್ಲಿ ಬಿಡಬೇಕೆಂಬ ಮಾತನ್ನು ಟರ್ಬೊ ಕೂಡಿಸಿದವನೇ ಹೇಳಬೇಕಿತ್ತು. ಹೆಚ್ಚಿದ ಬಲ ಕ್ಲಚ್ ಪ್ಲೇಟನ್ನು ದಾಟಿ ಹೋಗಬೇಕು, ಆಮೇಲೆ ಕ್ರೌನ್-ಪಿನಿಯನ್, ಆಮೇಲೆ ಎಕ್ಸೆಲ್. ಸರಪಳಿಯಲ್ಲಿ ಯಾವ ಕೊಂಡಿ ದುರ್ಬಲವೋ ಅದೇ ಮುರಿಯುತ್ತದೆ, ಅದೂ ಸುಗ್ಗಿಯ ನಟ್ಟನಡುವೆ.

ನನ್ನ ನಿಜವಾದ ತಕರಾರು ಹುಕ್ಕಿನದು. ಟ್ರೇಲರಿನ ಹುಕ್ಕನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ಜಗ್ಗುವಾಗ ಮುಂದಿನ ಭಾರ ಹಿಂದಿನ ಗಾಲಿಗೆ ವರ್ಗವಾಗುತ್ತದೆ, ಹಿಡಿತ ಬರುತ್ತದೆ. ಜಾತ್ರೆಯ ಜಗ್ಗುವ ಸ್ಪರ್ಧೆಯಲ್ಲಿ ಮುಂದಿನ ಗಾಲಿಗಳು ಆಕಾಶ ನೋಡುವುದು ಇದರಿಂದಲೇ. ಗಾಲಿ ಎದ್ದ ಮೇಲೆ ಸ್ಟೇರಿಂಗಿಗೆ ಕೆಲಸವಿಲ್ಲ. ಚಾಲಕ ಎಡ, ಬಲ ಬ್ರೇಕಿನ ಪೆಡಲುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಒಂದೊಂದನ್ನೇ ತುಳಿದು ದಿಕ್ಕು ಹಿಡಿಯುತ್ತಾನೆ. ನೋಡಲು ರೋಮಾಂಚನ, ನಿಜ. ಆದರೆ ಎಳೆತ ಹಿಂದಿನ ಎಕ್ಸೆಲ್ಲಿಗಿಂತ ಮೇಲೆ ಹೋದರೆ ಟ್ರ್ಯಾಕ್ಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ವಿದೇಶದ ಸಂಘಟಿತ ಸ್ಪರ್ಧೆಗಳಲ್ಲಿ ಹಿಂದಕ್ಕೆ ಬೀಳದಂತೆ ತಡೆಯುವ ಕಬ್ಬಿಣದ ಕಾಲುಗಳು, ಕೊಂಡಿ ಕಳಚಿದ ಕ್ಷಣ ಎಂಜಿನ್ ನಿಲ್ಲಿಸುವ ಸ್ವಿಚ್ಚು ಕಡ್ಡಾಯ. ಟ್ರ್ಯಾಕ್ಟರ್ ಸಾಹಸದಲ್ಲಿ ಯುವಕನೊಬ್ಬ ಸತ್ತ ಮೇಲೆ ಪಂಜಾಬ್ ಸರ್ಕಾರ 2023ರ ಅಕ್ಟೋಬರ್‌ನಲ್ಲಿ ಅಂಥ ಪ್ರದರ್ಶನಗಳನ್ನೇ ನಿಷೇಧಿಸಿತು. ಸ್ಪರ್ಧೆ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಆ ಸ್ವಿಚ್ಚು, ಆ ಕಾಲುಗಳಿಲ್ಲದೆ ಪ್ರೇಕ್ಷಕರ ಎದುರು ಗಾಲಿ ಎತ್ತಬಾರದು.

ಅದೇ ಟ್ರ್ಯಾಕ್ಟರ್, ಪೆಡಲಿನ ಪಟ್ಟಿ ಬಿಚ್ಚಿದ್ದು ಹಾಗೆಯೇ ಇದ್ದು, ಮರುದಿನ ಎರಡು ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಬರುತ್ತದೆ. ಹಿಂದೆ ಇಪ್ಪತ್ತು ಟನ್ ಮೀರಿದ ಕಬ್ಬು. ಟ್ರೇಲರುಗಳಿಗೆ ಬಹುಪಾಲು ಬ್ರೇಕೇ ಇಲ್ಲ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಇಳಿಜಾರಿನಲ್ಲಿ ಆ ಭಾರ ಹಿಂದಿನಿಂದ ನೂಕುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದವನಿಗೆ ಎಂಜಿನ್ನಿನ ತಡೆಯೂ ಇಲ್ಲ. ಗಾಬರಿಯಲ್ಲಿ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ, ಟ್ರೇಲರ್ ಅದರ ಮೇಲೇರುತ್ತದೆ. ಪಂಪಿಗೆ, ಟರ್ಬೊಗೆ, ಟೈರಿಗೆ, ಹಾಡಿನ ಡೆಕ್ಕಿಗೆ ಸಾವಿರಗಟ್ಟಲೆ ಸುರಿದವರು ಬ್ರೇಕಿಗೆ ಎಷ್ಟು ಹಾಕಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಕಸುಬಿನ ದೊಡ್ಡ ಕೊರತೆ ಇದೇ: ಮುಂದಕ್ಕೆ ಜಗ್ಗುವುದರಲ್ಲಿ ಪಳಗಿದ ಕೈಗಳು ನಿಲ್ಲಿಸುವುದನ್ನು ಕೆಲಸವೆಂದೇ ಎಣಿಸಿಲ್ಲ.

ಕಾನೂನು ಇದ್ದೇ ಇದೆ. ಕಂಪನಿ ನಮೂದಿಸಿದ್ದಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಗಟ್ಟಿಯಾಗಿ ಗ್ಯಾರೇಜಿಗೆ ತಟ್ಟಿರುವುದು 2023ರ ಜನವರಿ 1ರಿಂದ ಬಂದ ಹೊಗೆಯ ನಿಯಮ. 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಅಳೆಯುವುದು ಈಗ ಕಂಪ್ಯೂಟರ್. ತಿರುಗಿಸಲು ಸ್ಕ್ರೂ ಇಲ್ಲ.

ಹಾಗಿದ್ದರೆ ಆ ಮಿಸ್ತ್ರಿಗಳು ಏನು ಮಾಡಬೇಕು? ಟ್ರೇಲರಿನ ಗಾಲಿಗೆ ಡ್ರಮ್ಮು, ಹೈಡ್ರಾಲಿಕ್ ಅಥವಾ ಗಾಳಿಯ ಪೈಪು, ಟ್ರ್ಯಾಕ್ಟರಿನ ಪೆಡಲಿಗೆ ಜೋಡಿಸುವ ವಾಲ್ವು, ಹಿಂದೆ ಕೆಂಪು ದೀಪ ಮತ್ತು ರಿಫ್ಲೆಕ್ಟರ್ ಪಟ್ಟಿ: ಈ ಕೆಲಸವೆಲ್ಲ ಅವರ ಕೈಗೆ ಎಟುಕುವಂಥದ್ದೇ. ಕಬ್ಬು ಸಾಗಿಸುವ ಕರಾರು ಬರೆಯುವಾಗಲೇ ಕಾರ್ಖಾನೆಗಳು ಬ್ರೇಕಿರುವ ಟ್ರೇಲರಿಗೆ ಟನ್ನಿಗೆ ಇಷ್ಟು ಎಂದು ಹೆಚ್ಚಿನ ದರ ನಮೂದಿಸಲಿ. ಮುಂದಿನ ಹಂಗಾಮಿಗೆ ಆ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರಿನ ಜೊತೆ ಟ್ರೇಲರುಗಳೂ ಬಂದು ನಿಲ್ಲುತ್ತವೆ.