ಲೇಖನಿಯ ಐತಿಹ್ಯ ಮತ್ತು ಏಕಸ್ಫಟಿಕ

ಇಲೆಕ್ಟ್ರಾನಿಕ್ ಸಾಧನಗಳಿಗೆ ಬೇಕಾದ ಏಕಸ್ಫಟಿಕಗಳನ್ನು ಬೆಳೆಸುವ ವಿಧಾನದ ಹುಟ್ಟಿಗೊಂದು ಐತಿಹ್ಯವಿದೆ. 1916ರಲ್ಲಿ ಬರ್ಲಿನ್‌ನಲ್ಲಿದ್ದ ಪೋಲಿಷ್ ವಿಜ್ಞಾನಿ ಯಾನ್ ಚೊಖ್ರಾಲ್ಸ್ಕಿ ಲೇಖನಿಯನ್ನು ಮಸಿಕುಡಿಕೆಯ ಬದಲು ಕರಗಿದ ತವರದಲ್ಲಿ ಅದ್ದಿ ಎತ್ತಿದರಂತೆ. ಮೊನೆಯಲ್ಲಿ ಲೋಹದ ಎಳೆ ತೂಗಾಡಿತಂತೆ. ಆಕಸ್ಮಿಕವನ್ನೇ ಮೂಲವಾಗಿಸುವುದು ಉತ್ಪತ್ತಿಕಥೆಗಳ ಪರಿಚಿತ ಆಶಯ.

ಘಟನೆ ನಿಜವಿದ್ದರೂ ಕಥನವು ಮುಖ್ಯವಾದುದನ್ನೇ ಮರೆಸುತ್ತದೆ. 1918ರ ಅವರ ಪ್ರಬಂಧದ ವಿಷಯ ಲೋಹಗಳು ಸ್ಫಟಿಕವಾಗುವ ವೇಗದ ಮಾಪನ. ಆ ವೇಗವನ್ನು ಮೀರಿ ಎಳೆದರೆ ಎಳೆ ಕಡಿಯುತ್ತದೆ. ವಿಧಾನದ ಜೀವಾಳವಿರುವುದು ಥಟ್ಟನೆ ಎತ್ತುವುದರಲ್ಲಲ್ಲ, ಅಳೆದು ನಿಧಾನವಾಗಿ ಎಳೆಯುವುದರಲ್ಲಿ. ಬೆಲ್ ಪ್ರಯೋಗಾಲಯದ ಗಾರ್ಡನ್ ಟೀಲ್ ಮತ್ತು ಲಿಟಲ್ ಬೀಜಸ್ಫಟಿಕದಿಂದ ಜರ್ಮೇನಿಯಂ ಏಕಸ್ಫಟಿಕ ಬೆಳೆಸಿದ್ದನ್ನು 1950ರಲ್ಲಿ ಪ್ರಕಟಿಸಿದರು. ಐತಿಹ್ಯದಲ್ಲಿ ಅವರಿಗೆ ಸ್ಥಾನವಿಲ್ಲ.

ಐತಿಹ್ಯವನ್ನು ತಳ್ಳಿಹಾಕಬೇಕಿಲ್ಲ. ಅದನ್ನೇ ಚರಿತ್ರೆಯೆಂದು ಬೋಧಿಸಿದಾಗ ಮಾತ್ರ ಅಳತೆ, ಬೀಜ, ಶ್ರಮ ಮೂರೂ ಅಳಿಸಿಹೋಗುತ್ತವೆ.