ಪಟ್ಟದಕಲ್ಲಿನಲ್ಲಿ ಅರ್ಧ ಗಂಟೆ

ಮಾರ್ಗಶಿರದ ಚಳಿ ಬಿದ್ದೊಡನೆ ನಮ್ಮ ಪ್ರೌಢಶಾಲೆಗಳಲ್ಲಿ ಪ್ರಾರಂಭವಾಗುವ ಶೈಕ್ಷಣಿಕ ಪ್ರವಾಸವು, ಪಾಠಕ್ರಮದ ಅಂಗವೆಂದು ಅಂಗೀಕೃತವಾಗಿಯೂ, ಪಾಠದೊಡನೆ ಸಂಬಂಧವಿಲ್ಲದಂತೆ ನಡೆದುಹೋಗುತ್ತಿರುವುದು ವ್ಯಸನಕರವಾದ ಸಂಗತಿ. ಇರುಳೆಲ್ಲ ಬಸ್ಸಿನಲ್ಲಿ ಪಯಣಿಸಿ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ, ಸಂಜೆಯೊಳಗೆ ವಿಜಯಪುರದ ಗೋಳಗುಮ್ಮಟವನ್ನು ಸೇರಲೇಬೇಕೆಂಬ ಆತುರದಲ್ಲಿ, ಮಕ್ಕಳ ಪಾಲಿಗೆ ಉಳಿಯುವುದು ಸಾಲಾಗಿ ನಿಲ್ಲುವುದು, ಎಣಿಕೆಗೆ ತಲೆಯೊಡ್ಡುವುದು, ಮರಳಿ ಬಸ್ಸು ಹತ್ತುವುದು ಇಷ್ಟೆ.

1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಮಾತನ್ನೇ ನೋಡಬಹುದು. ಮಲಪ್ರಭೆಯ ದಡದ ಆ ಅಂಗಳದಲ್ಲಿ, ಕಂಚಿಯ ವಿಜಯದ ಸ್ಮರಣೆಗಾಗಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಎತ್ತಿಸಿದ ವಿರೂಪಾಕ್ಷಾಲಯದ ವಿಮಾನವು ಅಂತಸ್ತು ಅಂತಸ್ತಾಗಿ ಏರಿದರೆ, ಕೂಗಳತೆಯಲ್ಲಿರುವ ಗಳಗನಾಥದ ಶಿಖರವು ಬಾಗಿದ ರೇಖೆಯಲ್ಲಿ ಮೇಲೆದ್ದಿದೆ. ದ್ರಾವಿಡ, ನಾಗರ ಎಂಬ ಹೆಸರುಗಳನ್ನು ಪರೀಕ್ಷೆಗೆಂದು ಉರುಹೊಡೆದ ವಿದ್ಯಾರ್ಥಿಗೆ ವಿವರಣೆಯನ್ನೇನೂ ಕೊಡದೆ, ಕಾಗದ ಪೆನ್ಸಿಲುಗಳನ್ನಿತ್ತು, ಎರಡರ ಹೊರಗೆರೆಯನ್ನೂ ಬರೆಯಹೇಳಿದರೆ ಭೇದವನ್ನು ಅವನ ಕೈಯೇ ಕಂಡುಕೊಳ್ಳುವುದು. ಅನಂತರ ತುಸು ದೂರದ ಪಾಪನಾಥಕ್ಕೆ ಹೋದಾಗ, ನಾಗರ ಶಿಖರದ ಕೆಳಗೆ ದಕ್ಷಿಣದ ರೀತಿಯ ಗೋಡೆಗೂಡುಗಳನ್ನು ಕಂಡು, ಶಿಲ್ಪಿಗಳು ಎರಡನ್ನೂ ಬೆರೆಸಿದ್ದೇಕೆಂದು ಅವನು ತಾನಾಗಿಯೇ ಕೇಳಿಯಾನು. ಆ ಪ್ರಶ್ನೆ ಹುಟ್ಟಿದೆಡೆ ಪ್ರವಾಸ ಸಾರ್ಥಕವಾಯಿತೆನ್ನಬೇಕು. ಅದಕ್ಕೆ ಅರ್ಧ ದಿನವಾದರೂ ಬೇಕು. ನಾವು ಕೊಡುತ್ತಿರುವುದು ಅರ್ಧ ಗಂಟೆ. ಗೋಳಗುಮ್ಮಟದ ಮಾರ್ದನಿಯೂ ಹಾಗೆಯೇ: ವಿಜ್ಞಾನದ ಅಧ್ಯಾಪಕರು ಜೊತೆಗಿದ್ದರೆ ಶಬ್ದಪ್ರತಿಫಲನದ ಪಾಠ, ಇಲ್ಲವಾದರೆ ಬರಿಯ ಕೂಗಾಟ.

ಮನೆಯಿಂದ ಹೊರಗೆ ಒಂದಿರುಳನ್ನೂ ಕಳೆಯದ ಹಳ್ಳಿಯ ಹುಡುಗಿಗೆ ಗೆಳತಿಯರೊಡನೆ ಮಾಡಿದ ಪಯಣವೇ ಒಂದು ವಿದ್ಯೆಯೆಂಬ ವಾದವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹಣ ತೆರಲಾರದ ಮನೆಯ ಮಕ್ಕಳು ಆ ದಿನಗಳಲ್ಲಿ ಊರಿನಲ್ಲೇ ಉಳಿಯುವರಷ್ಟೆ! ಪಾಠಕ್ರಮದ ಅಂಗವೆನಿಸಿದುದು ಉಳ್ಳವರಿಗೆ ಮಾತ್ರ ದೊರೆಯುವುದು ಅನ್ಯಾಯವೇ ಸರಿ.

ಊರ ಹೊರಗಣ ವೀರಗಲ್ಲಿನ ಬಳಿಗಾದರೋ ಇಡಿಯ ತರಗತಿಯೇ ನಡೆದುಹೋಗಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುಗೋಳಿನಲ್ಲಿ ಮಡಿದವನ ಕಲ್ಲಾದರೆ ಹಸುಗಳ ಸಾಲೂ ಇರುವುದುಂಟು. ದೂರದ ಪ್ರವಾಸಕ್ಕೆ ಮುನ್ನ ಇಂಥ ಕಲ್ಲೊಂದನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸವನ್ನು ಎಲ್ಲ ಮಕ್ಕಳಿಗೂ ಮಾಡಿಸತಕ್ಕದ್ದು. ಬಳಿಕ, ಖರ್ಚನ್ನು ಶಾಲೆಯೇ ಹೊತ್ತು, ಅವರಿಗೆ ಪಟ್ಟದಕಲ್ಲಿನಲ್ಲಿ ಇಡೀ ಒಂದು ದಿನವನ್ನು ಮೀಸಲಿಟ್ಟು, ಉಳಿದ ಊರುಗಳನ್ನು ಮುಂದಿನ ವರ್ಷಕ್ಕೆ ಬಿಡತಕ್ಕದ್ದು.